ಮನೆ ಎದುರು ಮೊಬೈಲ್ ಟವರ್: ಭಯ ಎಷ್ಟು ನಿಜ, ನಿಯಮ ಏನು, ಯಾರನ್ನು ಕೇಳಬೇಕು?

ಅಪಾರ್ಟ್‌ಮೆಂಟ್ ತಾರಸಿಯ ಮೇಲೆ ಮೊಬೈಲ್ ಟವರ್ ಹಾಕಲು ಜಾಗ ಕೊಟ್ಟರೆ ಸೊಸೈಟಿಗೆ ತಿಂಗಳು ತಿಂಗಳು ಬಾಡಿಗೆ ಬರುತ್ತದೆ. ಲಿಫ್ಟ್ ರಿಪೇರಿ, ವಾಚ್‌ಮನ್ ಸಂಬಳ, ನೀರಿನ ಟ್ಯಾಂಕರ್ ಖರ್ಚು ಅದರಲ್ಲೇ ಸರಿದೂಗುತ್ತದೆ. ಆದರೆ ಕೊನೆಯ ಮಹಡಿಯಲ್ಲಿ ಮನೆ ಮಾಡಿರುವವರಿಗೆ, ಎದುರಿನ ಕಟ್ಟಡದಲ್ಲಿ ಅದೇ ಎತ್ತರಕ್ಕೆ ಕಿಟಕಿ ಇರುವವರಿಗೆ ಸಮಾಧಾನ ಇರುವುದಿಲ್ಲ. ಸಭೆಯಲ್ಲಿ ವಿಷಯ ಬಂದ ಕೂಡಲೇ ಕ್ಯಾನ್ಸರ್ ಎಂಬ ಮಾತು ಬರುತ್ತದೆ, ಮಕ್ಕಳ ಮಾತು ಬರುತ್ತದೆ, ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ಬರುತ್ತದೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಂಥ ನಗರಗಳಲ್ಲಿ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡೇ ಇರುವುದರಿಂದ ಈ ಜಗಳ ಮುಗಿಯುವುದೇ ಇಲ್ಲ.

ಒಂದು ಕಡೆ ದೂರಸಂಪರ್ಕ ಇಲಾಖೆ ಮತ್ತು ಕಂಪನಿಗಳು ಯಾವ ಅಪಾಯವೂ ಇಲ್ಲ ಎನ್ನುತ್ತವೆ. ಇನ್ನೊಂದು ಕಡೆ ಟವರ್ ಬಂದ ಮೇಲೆಯೇ ಬೀದಿಯಲ್ಲಿ ಇಷ್ಟು ಜನರಿಗೆ ಕಾಯಿಲೆ ಬಂತು ಎಂದು ಲೆಕ್ಕ ಕೊಡುವವರಿದ್ದಾರೆ. ಎರಡೂ ಮಾತುಗಳನ್ನು ಇಡಿಯಾಗಿ ಒಪ್ಪುವಂತಿಲ್ಲ.

ಟವರ್‌ನಿಂದ ಹೊರಬರುವುದು ಏನು?

ವಿಕಿರಣ ಎಂಬ ಶಬ್ದ ಕೇಳಿದರೆ ಎಕ್ಸ್‌ರೇ, ಅಣು ಬಾಂಬ್ ನೆನಪಾಗುತ್ತವೆ. ಮೊಬೈಲ್ ಟವರ್ ಹೊರಸೂಸುವುದು ಆ ಜಾತಿಯದ್ದಲ್ಲ. ಅದು ರೇಡಿಯೋ ತರಂಗ. ಆಕಾಶವಾಣಿ, ದೂರದರ್ಶನ, ವೈಫೈ ಎಲ್ಲವೂ ಬಳಸುವ ಕುಟುಂಬಕ್ಕೆ ಸೇರಿದ್ದು. ಎಕ್ಸ್‌ರೇ ಮತ್ತು ಗಾಮಾ ಕಿರಣಗಳಿಗೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕುವ, ಡಿಎನ್‌ಎ ಎಳೆಯನ್ನು ಕತ್ತರಿಸುವ ಶಕ್ತಿ ಇದೆ. 900 ಮೆಗಾಹರ್ಟ್ಸ್ ಮೊಬೈಲ್ ತರಂಗದ ಒಂದೊಂದು ಕಣದ ಶಕ್ತಿ, ರಾಸಾಯನಿಕ ಬಂಧವೊಂದನ್ನು ಮುರಿಯಲು ಬೇಕಾದ ಶಕ್ತಿಯ ಸುಮಾರು ಹತ್ತು ಲಕ್ಷದಲ್ಲಿ ಒಂದು ಭಾಗ ಮಾತ್ರ. ಆದ್ದರಿಂದ ಟವರ್ ತರಂಗ ನೇರವಾಗಿ ಡಿಎನ್‌ಎ ಕತ್ತರಿಸುತ್ತದೆ ಎಂಬ ಮಾತಿಗೆ ಭೌತಶಾಸ್ತ್ರದಲ್ಲಿ ಆಧಾರ ಇಲ್ಲ.

ಅದು ಮಾಡುವುದು ಬಿಸಿ. ಮೈಕ್ರೋವೇವ್ ಓವನ್‌ನಲ್ಲಿ ಅನ್ನ ಬಿಸಿಯಾಗುವುದೂ ಇದೇ ಬಗೆಯ ತರಂಗದಿಂದಲೇ. ವ್ಯತ್ಯಾಸ ಪ್ರಮಾಣದ್ದು. ಹೀಗಾಗಿ ಜಗತ್ತಿನ ಸುರಕ್ಷತಾ ಮಿತಿಗಳೆಲ್ಲ ಒಂದು ಪ್ರಶ್ನೆಯ ಮೇಲೆ ನಿಂತಿವೆ: ಮನುಷ್ಯನ ದೇಹ ತಾಳಿಕೊಳ್ಳಲಾಗದಷ್ಟು ಬಿಸಿಯಾಗುವುದು ಎಷ್ಟು ತರಂಗ ಬಿದ್ದಾಗ? ಪ್ರತಿ ಕಿಲೋ ದೇಹತೂಕಕ್ಕೆ 4 ವಾಟ್ ಹೀರಿಕೊಂಡಾಗ ತೊಂದರೆ ಶುರುವಾಗಬಹುದು ಎಂದು ಲೆಕ್ಕ ಹಾಕಿ, ಅದರ 50ನೇ ಒಂದು ಭಾಗವನ್ನು, ಅಂದರೆ ಕಿಲೋಗೆ 0.08 ವಾಟ್ ಅನ್ನು, ಸಾರ್ವಜನಿಕರಿಗೆ ಮಿತಿ ಎಂದು ಇಟ್ಟುಕೊಳ್ಳಲಾಗಿದೆ. ಇದನ್ನು ನಿಗದಿ ಮಾಡಿದ್ದು ಐಸಿಎನ್‌ಐಆರ್‌ಪಿ ಎಂಬ ಅಂತಾರಾಷ್ಟ್ರೀಯ ತಜ್ಞರ ಆಯೋಗ. ಬಿಸಿಯಾಗದಷ್ಟು ಕಡಿಮೆ ತರಂಗ ವರ್ಷಗಟ್ಟಲೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಈ ಲೆಕ್ಕ ನೇರವಾಗಿ ಉತ್ತರಿಸುವುದಿಲ್ಲ ಎಂಬುದೇ ವಿರೋಧಿಗಳ ಮುಖ್ಯ ತಕರಾರು. ಆ ತಕರಾರನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ಹುಡುಕಲೆಂದೇ ಮುಂದೆ ಹೇಳುವ ಅಧ್ಯಯನಗಳು ನಡೆದಿರುವುದು.

ಟವರ್ ಕೆಳಗೆ ಕಡಿಮೆ, ಎದುರಿಗೆ ಹೆಚ್ಚು

ಜನ ಸಾಮಾನ್ಯವಾಗಿ ತಪ್ಪು ತಿಳಿಯುವುದು ಇಲ್ಲಿಯೇ. ತಮ್ಮ ತಲೆಯ ಮೇಲೆಯೇ ಟವರ್ ಇರುವವರು ಹೆಚ್ಚು ಹೆದರುತ್ತಾರೆ. ಆದರೆ ಆಂಟೆನಾ ಬಲ್ಬಿನಂತೆ ಎಲ್ಲ ಕಡೆಗೂ ಬೆಳಕು ಚೆಲ್ಲುವುದಿಲ್ಲ, ಟಾರ್ಚಿನಂತೆ ಒಂದು ದಿಕ್ಕಿಗೆ ಹಾಯಿಸುತ್ತದೆ. ಟವರ್ ಮೇಲೆ ಕಾಣುವ ಉದ್ದನೆಯ ಬಿಳಿ ಪೆಟ್ಟಿಗೆಗಳೇ ಆಂಟೆನಾಗಳು. ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಇರುತ್ತವೆ. ಪ್ರತಿಯೊಂದರ ಕಿರಣವೂ ಅಡ್ಡಕ್ಕೆ ಅಗಲ, ಮೇಲೆ-ಕೆಳಗೆ ಮಾತ್ರ ಬಹಳ ತೆಳು. ಅದು ದೂರ ಹೋಗಿ ನಿಧಾನವಾಗಿ ನೆಲ ಮುಟ್ಟುತ್ತದೆ. ಟವರ್ ಬುಡದಲ್ಲಿ, ಅದೇ ತಾರಸಿಯ ಕೆಳಗಿನ ಮನೆಯಲ್ಲಿ, ಈ ಮುಖ್ಯ ಕಿರಣ ಬೀಳುವುದಿಲ್ಲ. ಕಾಂಕ್ರೀಟ್ ಚಾವಣಿ ಉಳಿದದ್ದರಲ್ಲೂ ಒಂದಷ್ಟನ್ನು ತಡೆಯುತ್ತದೆ.

ಹಾಗಾದರೆ ಹೆಚ್ಚು ಬೀಳುವುದು ಯಾರಿಗೆ? ಎದುರಿನ ಕಟ್ಟಡದಲ್ಲಿ, ಆಂಟೆನಾದ ಎತ್ತರಕ್ಕೇ ಕಿಟಕಿ ಇರುವವರಿಗೆ. ಬಾಡಿಗೆ ಬರುವುದು ಒಂದು ಸೊಸೈಟಿಗೆ, ಕಿರಣ ಬೀಳುವುದು ಪಕ್ಕದ ಸೊಸೈಟಿಗೆ!

ಸರಳ ಲೆಕ್ಕ ಹಾಕಿ ನೋಡಬಹುದು. 20 ವಾಟ್ ಶಕ್ತಿಯನ್ನು ಆಂಟೆನಾ ಒಂದೇ ದಿಕ್ಕಿಗೆ ಕೂಡಿಸಿ ಕಳಿಸಿದಾಗ ಆ ದಿಕ್ಕಿನಲ್ಲಿ ಅದು ಸುಮಾರು 1,000 ವಾಟ್‌ನಂತೆ ಕೆಲಸ ಮಾಡುತ್ತದೆ ಎಂದುಕೊಳ್ಳಿ. ಕಿರಣದ ನೇರ ದಾರಿಯಲ್ಲಿ 20 ಮೀಟರ್ ದೂರದಲ್ಲಿ ಪ್ರತಿ ಚದರ ಮೀಟರ್‌ಗೆ ಸುಮಾರು 0.2 ವಾಟ್ ಬೀಳುತ್ತದೆ. 50 ಮೀಟರ್‌ಗೆ ಅದು 0.03ಕ್ಕೆ ಇಳಿಯುತ್ತದೆ. 100 ಮೀಟರ್‌ನಲ್ಲಿ 0.01 ಕೂಡ ಇರುವುದಿಲ್ಲ. ದೂರ ಎರಡು ಪಟ್ಟಾದರೆ ಪ್ರಮಾಣ ನಾಲ್ಕನೇ ಒಂದಕ್ಕೆ ಇಳಿಯುತ್ತದೆ ಎಂಬುದು ನಿಯಮ. ಆದರೆ ಇದು ಒಂದು ಆಂಟೆನಾದ ಮಾತು. ಒಂದೇ ಕಂಬಕ್ಕೆ ಮೂರು ನಾಲ್ಕು ಕಂಪನಿಗಳು 2ಜಿ, 4ಜಿ, 5ಜಿ ಎಲ್ಲ ಕಟ್ಟಿದಾಗ ಇವೆಲ್ಲ ಕೂಡುತ್ತವೆ.

ಅದಕ್ಕಾಗಿಯೇ ದೂರಸಂಪರ್ಕ ಇಲಾಖೆಯ ಮಾರ್ಗಸೂಚಿಯಲ್ಲಿ ಆಂಟೆನಾಗಳ ಸಂಖ್ಯೆ ನೋಡಿ ದೂರ ಹೇಳಲಾಗಿತ್ತು. ಆಂಟೆನಾದ ಎದುರಿಗೆ ಅದೇ ಎತ್ತರದ ಕಟ್ಟಡ ಇದ್ದರೆ ಒಂದು ಆಂಟೆನಾಕ್ಕೆ 20 ಮೀಟರ್, ಎರಡಕ್ಕೆ 35 ಮೀಟರ್, ಹೀಗೆ ಏರುತ್ತಾ 12 ಆಂಟೆನಾಗಳಿದ್ದರೆ 75 ಮೀಟರ್. ಕಿಟಕಿಯಿಂದ ಟವರ್ ಕಾಣುತ್ತದೆ ಎಂಬುದಷ್ಟೇ ಹೆದರಲು ಕಾರಣವಲ್ಲ. ಆಂಟೆನಾದ ಮುಖ ನಿಮ್ಮ ಕಿಟಕಿಯ ಕಡೆಗಿದೆಯೇ, ಒಂದೇ ಎತ್ತರದಲ್ಲಿದೆಯೇ, ಎಷ್ಟು ಹತ್ತಿರ ಇದೆ ಎಂಬ ಮೂರು ವಿಷಯ ನೋಡಬೇಕು. ಮೂರೂ ಹೌದಾದರೆ ಅಳತೆ ಮಾಡಿಸುವುದು ನ್ಯಾಯವಾದ ಬೇಡಿಕೆ.

ಭಾರತದ ಮಿತಿ ಬಿಗಿಯಾದದ್ದು

2008ರಲ್ಲಿ ಭಾರತ ಅಂತಾರಾಷ್ಟ್ರೀಯ ಮಿತಿಯನ್ನೇ ಒಪ್ಪಿಕೊಂಡಿತು. 900 ಮೆಗಾಹರ್ಟ್ಸ್‌ಗೆ ಚದರ ಮೀಟರ್‌ಗೆ 4.5 ವಾಟ್, 1800ಕ್ಕೆ 9 ವಾಟ್, 2000 ಮೆಗಾಹರ್ಟ್ಸ್‌ಗಿಂತ ಮೇಲೆ 10 ವಾಟ್. 2010ರ ಡಿಸೆಂಬರ್‌ನಲ್ಲಿ ಐಐಟಿ ಬಾಂಬೆಯ ಎಲೆಕ್ಟ್ರಿಕಲ್ ವಿಭಾಗದ ಪ್ರಾಧ್ಯಾಪಕ ಗಿರೀಶ್ ಕುಮಾರ್ ಈ ಮಿತಿ ವಿಪರೀತ ಸಡಿಲ ಎಂದು ಇಲಾಖೆಗೆ ವರದಿ ಕೊಟ್ಟರು. ಅದೇ ವರ್ಷ ರಚನೆಯಾಗಿದ್ದ ಅಂತರ ಸಚಿವಾಲಯ ಸಮಿತಿ 2011ರ ಜನವರಿಯಲ್ಲಿ ವರದಿ ನೀಡಿ ಮಿತಿಯನ್ನು ಹತ್ತನೇ ಒಂದಕ್ಕೆ ಇಳಿಸುವಂತೆ ಹೇಳಿತು. 2012ರ ಸೆಪ್ಟೆಂಬರ್ 1ರಿಂದ ಅದು ಜಾರಿಯಾಯಿತು. 4.5 ಇದ್ದದ್ದು 0.45 ಆಯಿತು, 9 ಇದ್ದದ್ದು 0.9, 10 ಇದ್ದದ್ದು 1 ವಾಟ್ ಆಯಿತು.

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ಮಿತಿಗಿಂತ ಇದು ಎಷ್ಟೋ ಬಿಗಿ. ಜಗತ್ತಿನಲ್ಲಿ ಇನ್ನೂ ಬಿಗಿಯಾದ ನಿಯಮಗಳೂ ಇವೆ. ಇಟಲಿ ಬಹಳ ವರ್ಷ ಜನ ವಾಸಿಸುವ ಕಡೆ ಚದರ ಮೀಟರ್‌ಗೆ ಸುಮಾರು 0.1 ವಾಟ್‌ಗೆ ಸಮನಾದ ಮಿತಿ ಇಟ್ಟುಕೊಂಡಿತ್ತು. 2024ರಲ್ಲಿ ಅದನ್ನು ಸಡಿಲಿಸಿ ಸುಮಾರು 0.6 ವಾಟ್‌ಗೆ ತಂದಿತು. ನಮ್ಮಲ್ಲೂ ಮಿತಿ ಸಡಿಲಿಸಿ ಎಂದು ಕಂಪನಿಗಳು 4ಜಿ ಬಂದಾಗಿನಿಂದ ಕೇಳುತ್ತಲೇ ಇವೆ. ಮಿತಿ ಬಿಗಿಯಾದಷ್ಟೂ ಒಂದೇ ಕಂಬಕ್ಕೆ ಹೆಚ್ಚು ಆಂಟೆನಾ ಕಟ್ಟಲಾಗದು, ಹೊಸ ಜಾಗ ಹುಡುಕಬೇಕು ಎಂಬುದು ಅವುಗಳ ವಾದ.

ಕಾಗದದ ಮೇಲಿನ ಮಿತಿ ಬಿಗಿಯಾಗಿರುವುದು ಸಂತೋಷ. ಅದನ್ನು ನೋಡಿಕೊಳ್ಳುವವರು ಯಾರು ಎಂಬುದು ಬೇರೆ ಪ್ರಶ್ನೆ. ಪ್ರತಿ ಟವರ್‌ಗೂ ಕಂಪನಿಯೇ ಅಳತೆ ಮಾಡಿ 'ಮಿತಿಯೊಳಗಿದೆ' ಎಂದು ಸ್ವಯಂ ಪ್ರಮಾಣಪತ್ರ ಸಲ್ಲಿಸುತ್ತದೆ. ಇಲಾಖೆಯ ಸ್ಥಳೀಯ ಘಟಕಗಳು, ಹಿಂದೆ ಟರ್ಮ್ ಸೆಲ್ ಎಂದು ಕರೆಯುತ್ತಿದ್ದವು, ಅವುಗಳಲ್ಲಿ ಶೇ 10ರಷ್ಟನ್ನು ಆರಿಸಿ ಪರೀಕ್ಷಿಸಬೇಕು ಎಂದು ನಿಯಮ ಮಾಡಲಾಯಿತು. ಮೀರಿದರೆ ಮೊದಲು ಪ್ರತಿ ಕೇಂದ್ರಕ್ಕೆ 5 ಲಕ್ಷ ರೂ. ಇದ್ದ ದಂಡ, 2013ರಲ್ಲಿ 10 ಲಕ್ಷ ರೂ. ಆಯಿತು. ಪರೀಕ್ಷೆಗೆ ಒಳಪಡುವವನೇ ಉತ್ತರ ಪತ್ರಿಕೆ ತಿದ್ದುವ ಈ ವ್ಯವಸ್ಥೆಯ ಮೇಲೆ ಜನರಿಗೆ ನಂಬಿಕೆ ಕಡಿಮೆ ಇದ್ದರೆ ಅದಕ್ಕೆ ಜನರನ್ನು ದೂರಿ ಪ್ರಯೋಜನವಿಲ್ಲ.

ಕ್ಯಾನ್ಸರ್ ಪಟ್ಟಿಯಲ್ಲಿ '2ಬಿ' ಎಂದರೆ?

'ವಿಶ್ವ ಆರೋಗ್ಯ ಸಂಸ್ಥೆಯೇ ಮೊಬೈಲ್ ವಿಕಿರಣ ಕ್ಯಾನ್ಸರ್‌ಕಾರಕ ಎಂದಿದೆ' ಎಂಬ ವಾಕ್ಯ ಎಲ್ಲ ಕಡೆ ಓಡಾಡುತ್ತದೆ. ಅದರ ಮೂಲ ಇದು: 2011ರ ಮೇ 31ರಂದು ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ, ಫ್ರಾನ್ಸ್‌ನ ಲಿಯಾನ್‌ನಲ್ಲಿ 14 ದೇಶಗಳ 31 ವಿಜ್ಞಾನಿಗಳನ್ನು ಸೇರಿಸಿ ಚರ್ಚಿಸಿ, ರೇಡಿಯೋ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿತು. ಅಂದರೆ 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಸಾಕ್ಷ್ಯ ಸೀಮಿತ' ಎಂದರ್ಥ. ಅದೇ ಗುಂಪಿನಲ್ಲಿ ಪೂರ್ವ ಏಷ್ಯಾದ ತರಕಾರಿ ಉಪ್ಪಿನಕಾಯಿಯೂ ಇದೆ. ಖಚಿತವಾಗಿ ಕ್ಯಾನ್ಸರ್ ತರುತ್ತದೆ ಎಂದು ಐಎಆರ್‌ಸಿ ಹೇಳುವ ಒಂದನೇ ಗುಂಪು ಬೇರೆಯೇ. ಅಲ್ಲಿ ತಂಬಾಕು ಇದೆ. 2004ರಿಂದ ಅಡಿಕೆಯೂ ಇದೆ. ಬಾಯಲ್ಲಿ ಗುಟ್ಕಾ ಹಾಕಿಕೊಂಡು ಟವರ್ ವಿರುದ್ಧ ಸಹಿ ಸಂಗ್ರಹ ಮಾಡುವವರು ಈ ಪಟ್ಟಿಯನ್ನೊಮ್ಮೆ ನೋಡಬೇಕು.

ಇನ್ನೊಂದು ಮಾತು. 2ಬಿ ತೀರ್ಮಾನಕ್ಕೆ ಮುಖ್ಯ ಆಧಾರ ಟವರ್ ಅಲ್ಲ, ಕಿವಿಗೆ ಒತ್ತಿ ಹಿಡಿಯುವ ಫೋನ್. 13 ದೇಶಗಳಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಇಂಟರ್‌ಫೋನ್ ಅಧ್ಯಯನದಲ್ಲಿ ಒಟ್ಟಾರೆ ಫೋನ್ ಬಳಸುವವರಲ್ಲಿ ಮೆದುಳಿನ ಗಡ್ಡೆ ಹೆಚ್ಚು ಕಾಣಲಿಲ್ಲ. ಆದರೆ ಜೀವಮಾನದಲ್ಲಿ 1,640 ಗಂಟೆಗೂ ಹೆಚ್ಚು ಮಾತಾಡಿದ್ದೇವೆ ಎಂದವರ ಗುಂಪಿನಲ್ಲಿ ಗ್ಲಿಯೋಮಾ ಎಂಬ ಗಡ್ಡೆಯ ಪ್ರಮಾಣ ಶೇ 40ರಷ್ಟು ಹೆಚ್ಚು ಕಂಡಿತು. ಕಾಯಿಲೆಯಾದವರು ಹತ್ತು ವರ್ಷದ ಹಿಂದೆ ಎಷ್ಟು ಮಾತಾಡಿದ್ದೆವು ಎಂದು ನೆನಪಿನಿಂದ ಹೇಳಿದ ಲೆಕ್ಕ ಅದು. ಹಾಗಾಗಿ ಸಂಶೋಧಕರೇ ಅದನ್ನು ಖಚಿತ ಎನ್ನಲಿಲ್ಲ.

ಟವರ್ ಬಗ್ಗೆಯೇ ನಡೆದ ದೊಡ್ಡ ಅಧ್ಯಯನ ಬ್ರಿಟನ್‌ನದ್ದು. ಐದು ವರ್ಷದೊಳಗೆ ಕ್ಯಾನ್ಸರ್ ಬಂದ 1,397 ಮಕ್ಕಳನ್ನೂ ಆರೋಗ್ಯವಾಗಿದ್ದ 5,588 ಮಕ್ಕಳನ್ನೂ ಹೋಲಿಸಿ, ಅವರು ತಾಯಿಯ ಹೊಟ್ಟೆಯಲ್ಲಿದ್ದಾಗ ಮನೆ ಟವರ್‌ಗೆ ಎಷ್ಟು ಹತ್ತಿರ ಇತ್ತು ಎಂದು ನೋಡಲಾಯಿತು. ಇಲ್ಲಿ ಯಾರ ನೆನಪನ್ನೂ ನಂಬಬೇಕಾಗಿರಲಿಲ್ಲ. ಟವರ್‌ಗಳ ದಾಖಲೆ ಕಂಪನಿಗಳ ಬಳಿ ಇತ್ತು, ಕಾಯಿಲೆಯ ದಾಖಲೆ ಸರ್ಕಾರದ ಬಳಿ ಇತ್ತು. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶ: ಟವರ್‌ಗೂ ಆ ಕ್ಯಾನ್ಸರ್‌ಗಳಿಗೂ ಸಂಬಂಧ ಕಾಣಲಿಲ್ಲ.

ವಿರುದ್ಧ ದಿಕ್ಕಿನ ಸಾಕ್ಷ್ಯವೂ ಇದೆ. ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೊಬೈಲ್ ತರಂಗಕ್ಕೆ ಒಡ್ಡಿದ ಗಂಡು ಇಲಿಗಳ ಹೃದಯದಲ್ಲಿ ಗಡ್ಡೆ ಬಂದದ್ದಕ್ಕೆ ಸ್ಪಷ್ಟ ಸಾಕ್ಷ್ಯ ಇದೆ ಎಂದಿತು. ಆ ಇಲಿಗಳಿಗೆ ದಿನಕ್ಕೆ ಒಂಬತ್ತು ಗಂಟೆ, ಎರಡು ವರ್ಷ, ಇಡೀ ದೇಹಕ್ಕೆ ಕಿಲೋಗೆ 1.5ರಿಂದ 6 ವಾಟ್‌ವರೆಗೆ ತರಂಗ ಕೊಡಲಾಗಿತ್ತು. ಸಾರ್ವಜನಿಕರ ಮಿತಿ 0.08 ಎಂಬುದನ್ನು ನೆನಪಿಡಿ. ವಿಚಿತ್ರವೆಂದರೆ, ತರಂಗ ಬಿದ್ದ ಗಂಡು ಇಲಿಗಳು ಬೀಳದ ಇಲಿಗಳಿಗಿಂತ ಹೆಚ್ಚು ದಿನ ಬದುಕಿದವು. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ನಡೆದು 2024ರಲ್ಲಿ ಬಂದ ವಿಮರ್ಶೆ, ಮನುಷ್ಯರ ಮೇಲಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿ, ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ಸಂಬಂಧ ಸಿಗಲಿಲ್ಲ ಎಂದಿತು. ಆದರೂ 2ಬಿ ಪಟ್ಟಿಯನ್ನು ಮತ್ತೆ ಪರಿಶೀಲಿಸಬೇಕು ಎಂದು ಐಎಆರ್‌ಸಿಯ ಸಲಹಾ ಸಮಿತಿ 2019ರಲ್ಲೇ ಶಿಫಾರಸು ಮಾಡಿದೆ. ವಿಜ್ಞಾನ ಈ ಕಡತವನ್ನು ಮುಚ್ಚಿಲ್ಲ.

'ನಮ್ಮ ಬಿಲ್ಡಿಂಗ್‌ನಲ್ಲೇ ಆರು ಜನ'

ಮುಂಬೈನ ಕಾರ್ಮೈಕಲ್ ರಸ್ತೆಯ ಬಹುಮಹಡಿ ಕಟ್ಟಡವೊಂದರಲ್ಲಿ, ಎದುರಿನ ತಾರಸಿಯ ಆಂಟೆನಾಗಳಿಗೆ ಮುಖ ಮಾಡಿದ ಮನೆಗಳಲ್ಲಿ ಹಲವರಿಗೆ ಕ್ಯಾನ್ಸರ್ ಬಂತು ಎಂಬ ಸುದ್ದಿ ಸುಮಾರು ಹದಿನೈದು ವರ್ಷಗಳ ಹಿಂದೆ ದೊಡ್ಡ ಚರ್ಚೆಯಾಗಿತ್ತು. ಇಂಥ ಕಥೆಗಳು ಪ್ರತಿ ಊರಲ್ಲೂ ಇವೆ. ನೋವು ಸುಳ್ಳಲ್ಲ. ಆದರೆ ಐಸಿಎಂಆರ್‌ನ ಕ್ಯಾನ್ಸರ್ ನೋಂದಣಿ ಅಂದಾಜಿನ ಪ್ರಕಾರ ಭಾರತದಲ್ಲಿ ಒಂಬತ್ತರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಯಾವುದಾದರೂ ಕ್ಯಾನ್ಸರ್ ಬರುತ್ತದೆ. ನಾನೂರು ಜನರಿರುವ ಅಪಾರ್ಟ್‌ಮೆಂಟ್‌ನಲ್ಲಿ, ಅದರಲ್ಲೂ ವಯಸ್ಸಾದವರು ಹೆಚ್ಚಿದ್ದರೆ, ಟವರ್ ಇರಲಿ ಬಿಡಲಿ ಹಲವು ಪ್ರಕರಣಗಳು ಇದ್ದೇ ಇರುತ್ತವೆ. ಒಬ್ಬರಿಗೆ ಸ್ತನದ್ದು, ಇನ್ನೊಬ್ಬರಿಗೆ ಹೊಟ್ಟೆಯದ್ದು, ಮತ್ತೊಬ್ಬರಿಗೆ ರಕ್ತದ್ದು ಬಂದಿದ್ದರೆ ಒಂದೇ ಕಾರಣ ಇರುವ ಸಾಧ್ಯತೆ ಇನ್ನೂ ಕಡಿಮೆ. ಒಂದೇ ಬಗೆಯ, ಅಪರೂಪದ ಕ್ಯಾನ್ಸರ್ ಹಲವರಿಗೆ ಬಂದರೆ ಮಾತು ಬೇರೆ. ಅದನ್ನು ಆರೋಗ್ಯ ಇಲಾಖೆ ಕಡ್ಡಾಯವಾಗಿ ತನಿಖೆ ಮಾಡಬೇಕು.

ತಲೆನೋವು, ನಿದ್ರೆ ಬಾರದಿರುವುದು, ಕಿವಿಯಲ್ಲಿ ಗುಂಯ್ ಎನ್ನುವುದು ಟವರ್ ಹತ್ತಿರದವರ ಸಾಮಾನ್ಯ ದೂರು. ತಾವು ಸೂಕ್ಷ್ಮ ಎಂದವರನ್ನು ಪ್ರಯೋಗಾಲಯಕ್ಕೆ ಕರೆದು, ತರಂಗ ಇದೆಯೋ ಇಲ್ಲವೋ ಹೇಳದೆ ಪರೀಕ್ಷಿಸಿದಾಗ ಅವರಿಗೆ ವ್ಯತ್ಯಾಸ ಗುರುತಿಸಲು ಆಗಲಿಲ್ಲ. ತೊಂದರೆ ನಿಜ, ಕಾರಣ ಬೇರೆ ಇರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಟವರ್ ಬುಡದಲ್ಲಿ ರಾತ್ರಿಯಿಡೀ ಓಡುವ ಡೀಸೆಲ್ ಜನರೇಟರ್ ಇದ್ದರೆ ನಿದ್ರೆ ಕೆಡಲು ಬೇರೆ ಕಾರಣ ಹುಡುಕಬೇಕಿಲ್ಲ. ಅಂದಹಾಗೆ, ಡೀಸೆಲ್ ಹೊಗೆಯನ್ನು ಐಎಆರ್‌ಸಿ 2012ರಲ್ಲಿ ಒಂದನೇ ಗುಂಪಿಗೇ ಸೇರಿಸಿದೆ. ಮೇಲಿನ ಆಂಟೆನಾ 2ಬಿ, ಕೆಳಗಿನ ಜನರೇಟರ್ ಹೊಗೆ ಒಂದನೇ ಗುಂಪು. ದೂರು ಕೊಡುವವರು ಯಾವುದನ್ನು ಮೊದಲು ಬರೆಯಬೇಕು ಎಂಬುದು ಸ್ಪಷ್ಟ. ಹಳೆಯ ಕಟ್ಟಡದ ತಾರಸಿ ಟನ್‌ಗಟ್ಟಲೆ ಕಬ್ಬಿಣದ ಭಾರ ತಾಳುತ್ತದೆಯೇ ಎಂಬುದೂ ಇದೇ ಪಟ್ಟಿಗೆ ಸೇರಬೇಕು. ಸ್ಟ್ರಕ್ಚರಲ್ ಎಂಜಿನಿಯರ್ ಪ್ರಮಾಣಪತ್ರ ಇಲ್ಲದೆ ಸೊಸೈಟಿ ಸಹಿ ಹಾಕಬಾರದು.

ಕೋರ್ಟ್ ಮೆಟ್ಟಿಲೇರಿದಾಗ

ನ್ಯಾಯಾಲಯಗಳು ಒಂದೇ ಮಾತು ಹೇಳಿಲ್ಲ. ರಾಜಸ್ಥಾನ ಹೈಕೋರ್ಟ್ 2012ರ ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆಗಳ ಬಳಿಯ ಟವರ್‌ಗಳನ್ನು ತೆಗೆಸುವಂತೆ ಆದೇಶಿಸಿತು. 2017ರಲ್ಲಿ ಗ್ವಾಲಿಯರ್‌ನ ಮನೆಗೆಲಸದ ಕಾರ್ಮಿಕರೊಬ್ಬರು, ತಾನು ದುಡಿಯುವ ಮನೆಯ ಹತ್ತಿರದ ಟವರ್‌ನಿಂದ ತನಗೆ ಕ್ಯಾನ್ಸರ್ ಬಂತು ಎಂದು ಸುಪ್ರೀಂ ಕೋರ್ಟ್‌ಗೆ ಹೋದಾಗ ಆ ಬಿಎಸ್‌ಎನ್‌ಎಲ್ ಟವರನ್ನು ಏಳು ದಿನದೊಳಗೆ ನಿಲ್ಲಿಸಲು ಆದೇಶವಾಯಿತು. ಟವರ್ ಕ್ಯಾನ್ಸರ್ ತರುತ್ತದೆ ಎಂದು ಸುಪ್ರೀಂ ಕೋರ್ಟ್ ಒಪ್ಪಿದೆ ಎಂದು ಈ ಆದೇಶವನ್ನು ಹಂಚುವವರಿದ್ದಾರೆ. ಅದು ಒಂದು ಟವರ್‌ಗೆ ಸೀಮಿತವಾದ ಆದೇಶ, ವೈಜ್ಞಾನಿಕ ತೀರ್ಪಲ್ಲ.

ಕನ್ನಡಿಗರಿಗೆ 1987ರ 'ಪ್ರೇಮಲೋಕ'ದ ನಾಯಕಿಯಾಗಿ ಪರಿಚಿತರಾದ ಜೂಹಿ ಚಾವ್ಲಾ ಟವರ್ ವಿಕಿರಣದ ಬಗ್ಗೆ ವರ್ಷಗಳಿಂದ ಮಾತಾಡುತ್ತಾ ಬಂದವರು. 5ಜಿ ವಿರುದ್ಧ ಅವರು ಸಲ್ಲಿಸಿದ್ದ ಅರ್ಜಿಯನ್ನು 2021ರ ಜೂನ್‌ನಲ್ಲಿ ದೆಹಲಿ ಹೈಕೋರ್ಟ್ ವಜಾ ಮಾಡಿ 20 ಲಕ್ಷ ರೂ. ದಂಡ ಹಾಕಿತು. ಮುಂದಿನ ಜನವರಿಯಲ್ಲಿ ವಿಭಾಗೀಯ ಪೀಠ ಅದನ್ನು 2 ಲಕ್ಷಕ್ಕೆ ಇಳಿಸಿತು. ಅರ್ಜಿ ವಜಾ ಆಗುವುದಕ್ಕೂ ಒಂದು ತಿಂಗಳ ಮುಂಚೆ, ಕೊರೊನಾ ಎರಡನೇ ಅಲೆಯ ನಡುವೆ, 5ಜಿಯಿಂದಲೇ ಜನ ಸಾಯುತ್ತಿದ್ದಾರೆ ಎಂಬ ವದಂತಿ ಹಬ್ಬಿತ್ತು. ಆಗ ದೇಶದಲ್ಲಿ 5ಜಿ ಸೇವೆ ಶುರುವೇ ಆಗಿರಲಿಲ್ಲ. ಅದು ಬಂದದ್ದು 2022ರ ಅಕ್ಟೋಬರ್ 1ರಂದು.

ಗುಬ್ಬಚ್ಚಿಯ ವಿಷಯವೂ ಇಲ್ಲೇ ಹೇಳಿಬಿಡಬೇಕು. 2020ರ 'ಭಾರತದ ಪಕ್ಷಿಗಳ ಸ್ಥಿತಿಗತಿ' ವರದಿ ಪ್ರಕಾರ ದೇಶದಲ್ಲಿ ಒಟ್ಟಾರೆ ಗುಬ್ಬಚ್ಚಿ ಸಂಖ್ಯೆ ಸ್ಥಿರವಾಗಿದೆ, ಮಹಾನಗರಗಳಲ್ಲಿ ಮಾತ್ರ ಇಳಿದಿದೆ. ಟವರ್ ಈಗ ಹಳ್ಳಿಗಳಲ್ಲೂ ಇದೆ. ಗೂಡಿಗೆ ಜಾಗ ಇಲ್ಲದ್ದು, ಮರಿಗೆ ಹುಳು ಸಿಗದ್ದು ಹೆಚ್ಚು ನಂಬಬಹುದಾದ ಕಾರಣ.

ಟವರ್ ದೂರ ಹೋದರೆ ಫೋನ್ ಜೋರಾಗುತ್ತದೆ

ಸಿಗ್ನಲ್ ಚೆನ್ನಾಗಿದ್ದರೆ ಫೋನ್ ಪಿಸುಮಾತಿನಲ್ಲಿ ಟವರ್ ಜತೆ ಮಾತಾಡುತ್ತದೆ. ಸಿಗ್ನಲ್ ಕ್ಷೀಣವಾದಷ್ಟೂ ಕೂಗಿ ಮಾತಾಡುತ್ತದೆ, ಅಂದರೆ ತನ್ನ ಶಕ್ತಿ ಏರಿಸಿಕೊಳ್ಳುತ್ತದೆ. ಫೋನ್ ಇರುವುದು ಕಿವಿಯ ಪಕ್ಕ, ಟವರ್ ಇರುವುದು ನೂರಾರು ಅಡಿ ಆಚೆ. ಬಹುತೇಕ ಜನರ ತಲೆಗೆ ಬೀಳುವ ತರಂಗದಲ್ಲಿ ದೊಡ್ಡ ಪಾಲು ಸ್ವಂತ ಫೋನಿನದ್ದೇ. ಬಡಾವಣೆಯಲ್ಲಿ ಒಂದೂ ಟವರ್ ಬೇಡ ಎಂದು ಓಡಿಸಿದರೆ ಎಲ್ಲರ ಫೋನೂ ಕೂಗಲು ಶುರು ಮಾಡುತ್ತದೆ. ಲಿಫ್ಟ್‌ನಲ್ಲಿ, ಓಡುವ ಲೋಕಲ್ ರೈಲಿನಲ್ಲಿ, ಒಂದೇ ಗೆರೆ ಸಿಗ್ನಲ್ ಇರುವಲ್ಲಿ ಉದ್ದುದ್ದ ಮಾತಾಡದಿರುವುದು, ಇಯರ್‌ಫೋನ್ ಅಥವಾ ಸ್ಪೀಕರ್ ಬಳಸುವುದು, ಮಲಗುವಾಗ ಫೋನನ್ನು ದಿಂಬಿನ ಕೆಳಗೆ ಇಡದಿರುವುದು ಖರ್ಚಿಲ್ಲದ ಎಚ್ಚರಿಕೆಗಳು. ಫೋನಿನ ಹಿಂಭಾಗಕ್ಕೆ ಅಂಟಿಸುವ 'ವಿಕಿರಣ ನಿರೋಧಕ' ಚಿಪ್‌ಗಳಿಗೆ ದುಡ್ಡು ಹಾಕಬೇಡಿ. ಅವು ನಿಜವಾಗಿ ಸಿಗ್ನಲ್ ತಡೆದರೆ ಫೋನ್ ಇನ್ನೂ ಜೋರಾಗುತ್ತದೆ, ತಡೆಯದಿದ್ದರೆ ಅವು ಬರೀ ಸ್ಟಿಕ್ಕರ್.

ಫೋನಿಗೂ ಮಿತಿ ಇದೆ. 2012ರ ಸೆಪ್ಟೆಂಬರ್‌ನಿಂದ ಭಾರತದಲ್ಲಿ ಅದು ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವಾಟ್. ಇದನ್ನು 'ಸಾರ್' ಮೌಲ್ಯ ಎನ್ನುತ್ತಾರೆ. ಹೆಚ್ಚಿನ ಫೋನ್‌ಗಳಲ್ಲಿ *#07# ಒತ್ತಿದರೆ ತೆರೆಯ ಮೇಲೆ ಕಾಣುತ್ತದೆ.

ಯಾರನ್ನು ಕೇಳಬೇಕು?

2017ರ ಮೇ 2ರಂದು ಆಗಿನ ಸಂಪರ್ಕ ಸಚಿವ ಮನೋಜ್ ಸಿನ್ಹಾ 'ತರಂಗ ಸಂಚಾರ್' ಪೋರ್ಟಲ್ ಉದ್ಘಾಟಿಸಿದರು. ನಿಮ್ಮ ಜಾಗವನ್ನು ನಕ್ಷೆಯಲ್ಲಿ ಆರಿಸಿದರೆ ಸುತ್ತಲಿನ ಟವರ್‌ಗಳು, ಅವು ಯಾವ ಕಂಪನಿಯವು, ಮಿತಿಯೊಳಗೆ ಇವೆಯೇ ಎಂಬ ವಿವರ ಸಿಗುತ್ತದೆ. ಅನುಮಾನ ಇದ್ದರೆ ಶುಲ್ಕ ಕಟ್ಟಿ ಅಳತೆಗೆ ಕೋರಬಹುದು. ಪೋರ್ಟಲ್ ಶುರುವಾದಾಗ ಆ ಶುಲ್ಕ 4,000 ರೂ. ಇತ್ತು. ಇಲಾಖೆಯ ಸಿಬ್ಬಂದಿ ಬಂದು ಅಳೆದು ವರದಿ ಕೊಡುತ್ತಾರೆ. ಒಂದು ಮನೆಗೆ ಇದು ಹೊರೆ ಎನಿಸಿದರೆ ಸೊಸೈಟಿಯೇ ಕಟ್ಟಬಹುದು. ಬಾಡಿಗೆ ತೆಗೆದುಕೊಳ್ಳುವ ಸೊಸೈಟಿ ಎದುರು ಕಟ್ಟಡದವರ ಅಳತೆಯ ಖರ್ಚನ್ನು ಕೊಟ್ಟರೂ ತಪ್ಪಿಲ್ಲ. ಅಳೆಯುವಾಗ ಆಂಟೆನಾದ ಎದುರಿನ ಬಾಲ್ಕನಿ, ಮಲಗುವ ಕೋಣೆಯ ಕಿಟಕಿಗಳಲ್ಲಿಯೇ ಅಳೆಯುವಂತೆ ಕೇಳಿ. ಕೆಳಗಿನ ಪಾರ್ಕಿಂಗ್‌ನಲ್ಲಿ ಅಳೆದ ಸಂಖ್ಯೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಮೀಟರ್‌ಗಳ ಲೆಕ್ಕವನ್ನು ಇಲಾಖೆಯಾಗಲಿ ಕೋರ್ಟ್ ಆಗಲಿ ಒಪ್ಪುವುದು ಕಷ್ಟ. ಜನರೇಟರ್ ಸದ್ದು, ಹೊಗೆ, ಕಟ್ಟಡದ ಭದ್ರತೆ ಕುರಿತ ದೂರು ಪಾಲಿಕೆಗೆ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು.

ನಿಮ್ಮ ಜಾಗದಲ್ಲಿ ಟವರ್ ಹಾಕುತ್ತೇವೆ, ದೊಡ್ಡ ಮೊತ್ತದ ಮುಂಗಡ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಅಥವಾ ತೆರಿಗೆ ಕಟ್ಟಿ ಎಂದು ಟ್ರಾಯ್ ಅಥವಾ ದೂರಸಂಪರ್ಕ ಇಲಾಖೆ ಹೆಸರಿನಲ್ಲಿ ಪತ್ರ ಬಂದರೆ ಅದು ವಂಚನೆ. ಟವರ್ ಹಾಕಲು ಜಾಗ ಗುತ್ತಿಗೆ ಪಡೆಯುವ ಕೆಲಸವನ್ನು ಈ ಎರಡೂ ಸಂಸ್ಥೆಗಳು ಮಾಡುವುದಿಲ್ಲ, ನಿರಾಕ್ಷೇಪಣಾ ಪತ್ರವನ್ನೂ ಕೊಡುವುದಿಲ್ಲ. ಊರಿನಲ್ಲಿ ಖಾಲಿ ಸೈಟು, ಹಳೆ ಮನೆ ಬಿಟ್ಟು ಬಂದಿರುವ ಪರಊರಿನ ಕನ್ನಡಿಗರು, ಅಲ್ಲಿರುವ ವಯಸ್ಸಾದ ತಂದೆತಾಯಿಗೆ ಈ ಮಾತನ್ನು ಫೋನ್‌ನಲ್ಲಿ ತಿಳಿಸಿಟ್ಟರೆ ಒಳ್ಳೆಯದು. ಇಂಥ ಕರೆ ಬಂದು ಹಣ ಕಳೆದುಕೊಂಡಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬಹುದು.